ಹಂಚು ಸೋರಲಿಲ್ಲ, ಕಂಪ್ಯೂಟರ್ ಬೆವರಿತ್ತು

ನಮ್ಮದು ಉಡುಪಿ ಕಡೆಯ ಹಂಚಿನ ಮನೆ. 2020ರಲ್ಲಿ ಮನೆಯಿಂದಲೇ ಕೆಲಸ ಅಂತಾದಾಗ ಬೆಂಗಳೂರಿನ ರೂಮು ಖಾಲಿ ಮಾಡಿ, ನಾನೇ ಜೋಡಿಸಿಕೊಂಡಿದ್ದ ಕಂಪ್ಯೂಟರನ್ನೂ ಜೂನ್ ತಿಂಗಳಲ್ಲಿ ಊರಿಗೆ ತಂದೆ.

ಆ ಕಂಪ್ಯೂಟರಿನ ಮೇಲೆ ನನಗೊಂದು ಹುಚ್ಚು. ಪ್ರೊಸೆಸರನ್ನು ತಯಾರಿಸಿದವರು ಹೇಳಿದ ವೇಗಕ್ಕಿಂತ ಜಾಸ್ತಿ ಓಡಿಸುವುದು. ಇದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಜಾಸ್ತಿ ಓಡಿದರೆ ಜಾಸ್ತಿ ಬಿಸಿ. ಸಾಧಾರಣ ಫ್ಯಾನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದಕ್ಕೇ ನಾನು ಪೆಲ್ಟಿಯರ್ ಬಿಲ್ಲೆ ಹಾಕಿದ್ದೆ. ಬಿಸ್ಕತ್ತಿನಷ್ಟಿರುವ ಈ ಬಿಲ್ಲೆಗೆ ಕರೆಂಟು ಕೊಟ್ಟರೆ ಒಂದು ಬದಿ ತಣ್ಣಗಾಗುತ್ತದೆ, ಇನ್ನೊಂದು ಬದಿ ಬಿಸಿಯಾಗುತ್ತದೆ. ತಣ್ಣನೆಯ ಬದಿ ಪ್ರೊಸೆಸರಿನ ಕಡೆಗೆ, ಬಿಸಿ ಬದಿಗೆ ಫ್ಯಾನು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಪೂರ್ತಿ ಚೆನ್ನಾಗಿಯೇ ಓಡಿತ್ತು.

ಊರಿಗೆ ಬಂದ ಎರಡನೇ ವಾರ ಒಂದು ರಾತ್ರಿ ಅದನ್ನು ಆನ್ ಇಟ್ಟೇ ಮಲಗಿದೆ. ಬೆಳಿಗ್ಗೆ ಸ್ಕ್ರೀನ್ ಕಪ್ಪು. ಡಬ್ಬಿ ಬಿಚ್ಚಿದರೆ ಪ್ರೊಸೆಸರ್ ಸುತ್ತ ನೀರ ಹನಿ, ಸುಟ್ಟ ವಾಸನೆ. ಹೊರಗೆ ಧೋ ಅಂತ ಮಳೆ. ಮಾಡು ಸೋರಿದೆ ಎಂದೇ ನನ್ನ ತೀರ್ಮಾನ. “ಮಳೆಗಾಲಕ್ಕೆ ಮೊದಲು ಹಂಚು ಸರಿ ಮಾಡಿಸ್ಲಿಕ್ಕೆ ಆಗ್ಲಿಲ್ವಾ ನಿಮಗೆ?” ಅಂತ ಅಪ್ಪನ ಮೇಲೆ ಕೂಗಾಡಿದೆ.

ಅಪ್ಪ ಮಾತಾಡಲಿಲ್ಲ. ಮಳೆ ಸ್ವಲ್ಪ ಬಿಟ್ಟದ್ದೇ ಏಣಿ ಇಟ್ಟು ಮೇಲೆ ಹತ್ತಿದರು. ಅರವತ್ತೆರಡರ ವಯಸ್ಸು, ಪಾಚಿ ಹಿಡಿದ ಹಂಚು. ಇಳಿದು ಬಂದು, ಕೈ ಒರೆಸಿಕೊಳ್ಳುತ್ತಾ, “ಒಂದು ಹಂಚೂ ಒಡೀಲಿಲ್ಲ ಮಾರಾಯ” ಅಂದರು. ಅಮ್ಮ ಅಡುಗೆಮನೆಯಿಂದಲೇ ಹೇಳಿದರು: “ಫ್ರಿಜ್ಜಿನ ಬಾಟ್ಲಿ ಹೊರಗಿಟ್ರೆ ಬೆವರ್ತದಲ್ಲ? ಇದೂ ಹಾಗೇ ಆಗಿರ್ಬೇಕು.”

ಇಂಜಿನಿಯರಿಂಗ್ ಓದಿದವನು ನಾನು. ಉತ್ತರ ಕೊಟ್ಟದ್ದು ಅಮ್ಮ.

ಗಾಳಿಯಲ್ಲಿರುವ ನೀರಾವಿ ಯಾವ ಉಷ್ಣತೆಯಲ್ಲಿ ಹನಿಗಟ್ಟಲು ಶುರುವಾಗುತ್ತದೋ ಅದು ಇಬ್ಬನಿ ಬಿಂದು. ಕೋಣೆಯಲ್ಲಿ 28 ಡಿಗ್ರಿ ಇದ್ದು ತೇವಾಂಶ ಶೇ. 35 ಇದ್ದರೆ ಇಬ್ಬನಿ ಬಿಂದು ಸುಮಾರು 11 ಡಿಗ್ರಿ. ಅದೇ 28 ಡಿಗ್ರಿಯಲ್ಲಿ ತೇವಾಂಶ ಶೇ. 90 ಆದರೆ ಸುಮಾರು 26 ಡಿಗ್ರಿ! ಮೊದಲನೆಯದು ಬೆಂಗಳೂರಿನ ಒಣ ಮಧ್ಯಾಹ್ನ, ಎರಡನೆಯದು ನಮ್ಮೂರಿನ ಮಳೆಗಾಲ. ನನ್ನ ಬಿಲ್ಲೆ 15 ಡಿಗ್ರಿಗೆ ಇಳಿದರೆ ಅಲ್ಲಿ ಒಣಗಿಯೇ ಇರುತ್ತದೆ, ಇಲ್ಲಿ ನೀರು ಸುರಿಸುತ್ತದೆ. ರಾತ್ರಿ ಕೆಲಸವಿಲ್ಲದೆ ಪ್ರೊಸೆಸರಿನ ಬಿಸಿಯೂ ಕಡಿಮೆ, ಹಾಗಾಗಿ ಬಿಲ್ಲೆ ಇನ್ನಷ್ಟು ತಣ್ಣಗಾಗಿತ್ತು.

ಮುಂದಿನ ವರ್ಷ ಹೊಸ ಮದರ್‌ಬೋರ್ಡ್ ತಂದಾಗ ಎರಡು ಕೆಲಸ ಮಾಡಿದೆ. ಮೊದಲನೆಯದು, ತಣ್ಣಗಿರುವ ಜಾಗಕ್ಕೆ ಗಾಳಿಯೇ ತಾಗದಂತೆ ಮುಚ್ಚಿದ್ದು. ಎಸಿ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮನ್ನು ಅಳತೆಗೆ ಕತ್ತರಿಸಿ, ಬೋರ್ಡಿನ ಹಿಂದೆ, ಮುಂದೆ ಸಂದಿಯಿಲ್ಲದೆ ಕೂರಿಸಿದೆ. ಸ್ಪಂಜು ಆಗುವುದಿಲ್ಲ, ಅದು ನೀರು ಕುಡಿಯುತ್ತದೆ. ಸಣ್ಣ ಸಂದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಮೆತ್ತಿದೆ. ಎರಡನೆಯದು, ತೇವಾಂಶ ಅಳೆಯುವ ಪುಟ್ಟ ಸೆನ್ಸರ್ ಇಟ್ಟು, ಬಿಲ್ಲೆ ಯಾವಾಗಲೂ ಇಬ್ಬನಿ ಬಿಂದುವಿಗಿಂತ ಮೂರು ಡಿಗ್ರಿ ಮೇಲೇ ಇರುವಂತೆ ಒಂದು ಪ್ರೋಗ್ರಾಂ ಬರೆದೆ. ಮಳೆಗಾಲದಲ್ಲಿ ವೇಗ ಸ್ವಲ್ಪ ಕಮ್ಮಿ. ಇರಲಿ.

ಓವರ್‌ಕ್ಲಾಕಿಂಗ್ ಮಾಡದವರಿಗೂ ಇದರಿಂದ ಒಂದು ಪ್ರಯೋಜನ ಉಂಟು. ಎಸಿ ಕಾರಿನಲ್ಲಿ ತಣ್ಣಗಾದ ಲ್ಯಾಪ್‌ಟಾಪ್, ಕ್ಯಾಮೆರಾಗಳನ್ನು ಸೆಕೆಗೆ ತಂದ ಕೂಡಲೇ ಆನ್ ಮಾಡಬೇಡಿ. ಬ್ಯಾಗಿನಲ್ಲೇ ಅರ್ಧ ಗಂಟೆಯಾದರೂ ಬಿಡಿ. ಹನಿ ಕಂಡರೆ ಪೂರ್ತಿ ಒಣಗುವವರೆಗೆ ಕಾಯಿರಿ.

ಅಪ್ಪನ ಹತ್ತಿರ ಕ್ಷಮೆ ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. “ಹೇಗೂ ಹತ್ತಿದ್ದಕ್ಕೆ ಕಸ ತೆಗ್ದಾಯ್ತಲ್ಲ, ಬಿಡು” ಅಂದರು. ಈಗ ಮಳೆಗಾಲಕ್ಕೆ ಮೊದಲು ಹಂಚಿನ ಕೆಲಸಕ್ಕೆ ಜನ ಕರೆಸುವುದು ನಾನೇ. ಅಪ್ಪ ಕೆಳಗೆ ನಿಂತು ಏಣಿ ಹಿಡಿಯುತ್ತಾರೆ.