ಸೆರಗಿನ ಕುಚ್ಚು, ಮತ್ತೊಬ್ಬರ ನಿಯಮ

ನಿಯಮವನ್ನು ಕೈಗೊಳ್ಳುವವರು ಒಬ್ಬರು. ಆದರೆ ಅದು ಉಳಿದು ಬರುವುದು ಹಲವರ ಕೈಯಿಂದ. ಅಡುಗೆ ಮಾಡುವವರು, ನೀರು ಸೋಸುವವರು, ಧಾನ್ಯ ತೂಗುವವರು, ಬಟ್ಟೆ ಹೊಲಿಯುವವರು, ಇವರೆಲ್ಲರೂ ಶ್ರಾವಕರ ನಿಯಮಪಾಲನೆಯಲ್ಲಿ ತಮಗರಿವಿಲ್ಲದೆಯೇ ಪಾಲುದಾರರಾಗಿರುತ್ತಾರೆ. ಕೊಡಗಿನ ಹುದಿಕೇರಿಯ ಗೃಹಿಣಿಯೊಬ್ಬರು ಕ್ರೋಶಾ ಕುಚ್ಚಿನ ಕೆಲಸವನ್ನು ಹೊಸದಾಗಿ ಕಲಿಯುತ್ತಿದ್ದಾಗ ನಡೆದ ಸಣ್ಣ ಸಂಗತಿಯೊಂದು ಈ ಮಾತನ್ನು ಮನಗಾಣಿಸುವಂತಿದೆ.

ಹುದಿಕೇರಿ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಊರು. ಸುತ್ತಲೂ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ. ಆಷಾಢ ಶ್ರಾವಣದ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಐವತ್ತು ದಾಟಿದ ಈ ಕೊಡವ ಗೃಹಿಣಿ ಅಂಥದೊಂದು ಮಳೆಗಾಲದಲ್ಲಿ ಕ್ರೋಶಾ ಕಡ್ಡಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡರು. ಹೊಲಿಗೆ ಅವರಿಗೆ ಗೊತ್ತಿತ್ತು. ಸೆರಗಿನ ಕೊನೆಯ ಬಿಡಿ ಎಳೆಗಳನ್ನು ಹೊಸೆದು ಗಂಟು ಹಾಕುವ ಹಳೆಯ ಕುಚ್ಚೂ ಗೊತ್ತಿತ್ತು. ಕ್ರೋಶಾ ಕುಚ್ಚಿನ ರೀತಿಯೇ ಬೇರೆ. ಇದರಲ್ಲಿ ಹಲವು ಎಳೆಗಳನ್ನು ಸೇರಿಸಿದ ಬೇರೊಂದು ದಾರ ಬೇಕು. ಮಡಿಸಿ ಹೊಲಿದ ಸೆರಗಿನಂಚಿಗೆ ಕೊಕ್ಕೆಯನ್ನು ಚುಚ್ಚಿ, ಆ ದಾರವನ್ನು ಸೆಳೆದು, ಚೈನ್ ಹಾಕುತ್ತ, ನಡುನಡುವೆ ಮಣಿ ಪೋಣಿಸಿ, ಸಮ ಅಂತರದಲ್ಲಿ ಪುಟ್ಟ ಕಮಾನುಗಳನ್ನು ಕಟ್ಟಬೇಕು. ಕೊನೆಯಲ್ಲಿ ಒಂದೊಂದು ಕಮಾನಿಗೂ ಕುಚ್ಚು ಬಿಗಿಯಬೇಕು.

ಮೊದಲ ಕೆಲವು ದಿನ ಹಳೆಯ ಪಂಚೆಯೊಂದರ ಅಂಚು ಅವರ ಪಾಠಶಾಲೆಯಾಯಿತು. ದಾರವನ್ನು ಬಿಗಿಯಾಗಿ ಎಳೆದರೆ ಅಂಚು ಸುಕ್ಕುಗಟ್ಟುತ್ತಿತ್ತು, ಸಡಿಲ ಬಿಟ್ಟರೆ ಕಮಾನು ಜೋತು ಬೀಳುತ್ತಿತ್ತು. ಮೊಬೈಲಿನಲ್ಲಿ ನೋಡುವಾಗ ಸುಲಭವೆನಿಸಿದ್ದು ಕೈಗೆ ಬರಲು ಎರಡು ವಾರ ಹಿಡಿಯಿತು.

ಅವರಿಗೆ ದೊರೆತ ಮೊದಲ ಕೂಲಿ ಕೆಲಸವೆಂದರೆ ಗೋಣಿಕೊಪ್ಪಲಿನ ಜೈನ ಕುಟುಂಬವೊಂದರ ಹಿರಿಯ ತಾಯಿಯ ಹತ್ತಿಯ ಸೀರೆ. ನೋಂಪಿಯ ಉದ್ಯಾಪನೆಗೆ ಉಡಬೇಕೆಂದು ತೆಗೆದಿರಿಸಿದ್ದ ಸೀರೆ ಅದು. ರೇಷ್ಮೆಯನ್ನು ತ್ಯಜಿಸಿ ಆ ತಾಯಿಗೆ ಬಹಳ ವರ್ಷಗಳಾಗಿದ್ದವು.

“ಕುಚ್ಚಿಗೂ ರೇಷ್ಮೆ ಬೇಡಮ್ಮ, ಒಂದೆಳೆಯೂ ಬೇಡ. ನಾನು ಮಾಡದಿದ್ದರೂ ಮಾಡಿಸಿದ ಹಾಗೆ ಆಗುತ್ತದೆ” ಎಂದು ಅವರು ಹೇಳಿದರು.

“ಆಗಲಿ ಅಮ್ಮ, ಹಾಕುವುದಿಲ್ಲ” ಎಂದು ಈ ಗೃಹಿಣಿ ಒಪ್ಪಿಕೊಂಡರು.

ಆ ತಾಯಿಯ ಮಾತಿನ ಹಿಂದೆ ಜೈನ ಮನೆಗಳಲ್ಲಿ ಪರಿಚಿತವಾದ ವಿಚಾರವಿದೆ. ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಈ ಮೂರರಲ್ಲೂ ಹೊಣೆ ಉಂಟು. ರೇಷ್ಮೆಯ ಎಳೆ ತುಂಡಾಗದೆ ಬರಬೇಕಾದರೆ ಪತಂಗ ಗೂಡನ್ನು ಸೀಳಿ ಹೊರಬರಬಾರದು. ಆದ್ದರಿಂದ ಒಳಗಿನ ಜೀವವನ್ನು ಹಬೆಯಿಂದಲೋ ಬಿಸಿಗಾಳಿಯಿಂದಲೋ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕದಲ್ಲಿ ಇದು ತಿಳಿಯದ ಸಂಗತಿಯೇನಲ್ಲ.

ಸೀರೆಯ ಅಗಲ ಸುಮಾರು 45 ಅಂಗುಲ. ಅರ್ಧ ಅಂಗುಲಕ್ಕೆ ಒಂದರಂತೆ 90 ಕಮಾನು ಬೇಕಾಗಿತ್ತು. ಪರಿಚಯದ ದರ್ಜಿಯೊಬ್ಬರು ಕೊಟ್ಟಿದ್ದ ಹಸಿರು ದಾರದಿಂದ 60 ಕಮಾನು ಮುಗಿಯುವಷ್ಟರಲ್ಲಿ ದಾರ ತೀರಿತು. ಅಂಗಡಿಯಿಂದ ಅದೇ ಬಣ್ಣದ ಹೊಸ ಉರುಳೆ ತಂದರು. ಕುಚ್ಚಿಗೆಂದು ಮಾರುವ ಈ ದಾರಕ್ಕೆ ಪೇಟೆಯಲ್ಲಿ ‘ಸಿಲ್ಕ್ ಥ್ರೆಡ್’ ಎಂದೇ ಹೆಸರು. ಆದರೂ ಸಾಮಾನ್ಯವಾಗಿ ಅದು ಮರದ ತಿರುಳಿನಿಂದ ತಯಾರಾದ ರೇಯಾನ್, ಇಲ್ಲವೇ ಪಾಲಿಯೆಸ್ಟರ್. ಎರಡು ದಾರಗಳನ್ನು ಪಕ್ಕಪಕ್ಕ ಹಿಡಿದು ನೋಡಿದಾಗ ಹೊಳಪು ಒಂದೇ ಬಗೆಯದಾಗಿರಲಿಲ್ಲ.

ಅವರು ಎರಡರಿಂದಲೂ ತುಸು ತುಂಡರಿಸಿ ದೀಪಕ್ಕೆ ಹಿಡಿದರು. ಈ ಪರೀಕ್ಷೆ ಬಟ್ಟೆ ವ್ಯಾಪಾರಿಗಳಿಗೆ ತಿಳಿದದ್ದೇ. ರೇಯಾನ್ ಕಾಗದದಂತೆ ಭರ್ರನೆ ಉರಿದು ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಮಾತ್ರ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಹೊಸ ಉರುಳೆ ಕಾಗದದಂತೆ ಉರಿಯಿತು. ದರ್ಜಿಯ ದಾರ ಕೂದಲಿನ ವಾಸನೆ ಬೀರಿತು.

ಉದ್ಯಾಪನೆಗೆ ಉಳಿದಿದ್ದದ್ದು ಐದು ದಿನ. ಕಟ್ಟಿದ 60 ಕಮಾನುಗಳಲ್ಲಿ ಇದ್ದದ್ದು ಅಪ್ಪಟ ರೇಷ್ಮೆ ಎಂಬುದು ಬೇರಾರಿಗೂ ತಿಳಿಯುವಂತಿರಲಿಲ್ಲ. ಹುಳುಗಳು ಎಂದೋ ಸತ್ತಿದ್ದವು. ದಾರ ಬಿಚ್ಚಿದರೆ ಒಂದು ಜೀವವೂ ಮರಳಿ ಬರುವುದಿಲ್ಲ. ಮನೆಯವರೂ ಹಾಗೆಯೇ ಅಂದರು. ಆ ಗೃಹಿಣಿ ಮಾಂಸಾಹಾರದ ಮನೆಯವರು. ರೇಷ್ಮೆಯ ವಿಷಯದಲ್ಲಿ ಅವರಿಗೆ ಸ್ವಂತ ನಿಯಮವೇನೂ ಇರಲಿಲ್ಲ. ಆದರೆ ಅವರು ಒಂದು ಮಾತು ಕೊಟ್ಟಿದ್ದರು. ಆ ತಾಯಿ ಸೆರಗು ಹೊದ್ದು ಪೂಜೆಗೆ ನಿಲ್ಲುವಾಗ ‘ನನ್ನ ಮೈಮೇಲೆ ರೇಷ್ಮೆಯಿಲ್ಲ’ ಎಂದು ನಂಬಿರುತ್ತಾರೆ. ಆ ನಂಬಿಕೆಯನ್ನು ಸುಳ್ಳು ಮಾಡುವ ಅಧಿಕಾರ ತನಗಿಲ್ಲವೆಂದು ಅವರಿಗೆ ತೋರಿತು.

ಕ್ರೋಶಾದಲ್ಲಿ ಕೊನೆಯ ಕುಣಿಕೆಯೊಂದು ಬಿಟ್ಟುಕೊಂಡರೆ ಹಿಂದಿನದೆಲ್ಲ ಸರಸರನೆ ಬಿಚ್ಚುತ್ತದೆ. ಮಣಿಗಳನ್ನು ಒಂದೊಂದಾಗಿ ಆಯ್ದುಕೊಳ್ಳುವುದು, ಕೊಕ್ಕೆ ಚುಚ್ಚಿದ ರಂಧ್ರಗಳ ಮೇಲೆ ನೀರು ಹನಿಸಿ ಹತ್ತಿಯ ನೇಯ್ಗೆ ಕೂಡಿಕೊಳ್ಳುವಂತೆ ಬೆರಳಿಂದ ತೀಡುವುದು ಮಾತ್ರ ನಿಧಾನದ ಕೆಲಸ. ಬಿಚ್ಚಲು ಒಂದು ದಿನ, ಮತ್ತೆ ಕಟ್ಟಲು ನಾಲ್ಕು ದಿನ ಹಿಡಿಯಿತು. ಎರಡನೆಯ ಸಲ ಕಮಾನುಗಳು ಮೊದಲಿಗಿಂತ ಸಮವಾಗಿ ಬಂದವು.

ಸೀರೆ ಒಪ್ಪಿಸುವಾಗ ಅವರು ನಡೆದದ್ದನ್ನು ತಿಳಿಸಿದರು. ಹಿರಿಯ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಚ್ಚಿದ 60 ಕಮಾನುಗಳ ಕೂಲಿಯನ್ನೂ ಸೇರಿಸಿ ಎಣಿಸಿದರು. “ತಪ್ಪು ನನ್ನದಲ್ಲವೇ ಅಮ್ಮ, ಬೇಡ” ಎಂದರೆ, “ನನ್ನ ನಿಯಮಕ್ಕಾಗಿ ದುಡಿದಿದ್ದೀಯಮ್ಮ, ಬಿಚ್ಚಿದ್ದೂ ಕೆಲಸವೇ” ಎಂದರು.

ಇಲ್ಲಿ ಇಬ್ಬರ ನಡತೆಯೂ ವಿಚಾರಯೋಗ್ಯವಾಗಿದೆ. ಒಂದನ್ನು ತೋರಿಸಿ ಅದರಂತೆ ಕಾಣುವ ಮತ್ತೊಂದನ್ನು ದಾಟಿಸುವುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರತಿರೂಪಕ ವ್ಯವಹಾರವೆಂದು ಕರೆದು ಅಚೌರ್ಯ ವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಆ ಗೃಹಿಣಿ ಸೂತ್ರವನ್ನು ಓದಿದವರಲ್ಲ, ಆದರೂ ಅದರಂತೆ ನಡೆದರು. ಕೆಲಸ ಮಾಡಿಸಿದವರು ಕಣ್ಣಿಗೆ ಕಾಣದ ಶ್ರಮಕ್ಕೂ ಬೆಲೆ ಕಟ್ಟಿದರು.

ಈ ಎರಡನೆಯದು ಲೋಕದಲ್ಲಿ ಅಪರೂಪ. ಆಂಧ್ರಪ್ರದೇಶದ ನರಸಾಪುರದ ಸುತ್ತಲಿನ ಕ್ರೋಶಾ ಲೇಸಿಗೆ 19ನೆಯ ಶತಮಾನದಿಂದ ಬಂದ ಪರಂಪರೆಯಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆದರೆ 1982ರಲ್ಲಿ ಪ್ರಕಟವಾದ ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ಅಧ್ಯಯನ ಬೇರೊಂದು ಮುಖವನ್ನು ತೋರಿಸಿತ್ತು. ಮನೆಯಲ್ಲಿ ಕುಳಿತು ಹೆಣೆಯುವ ಸ್ತ್ರೀಯರ ದುಡಿಮೆಯನ್ನು ಬಿಡುವಿನ ವೇಳೆಯ ಕಾಲಕ್ಷೇಪವೆಂದು ಬಗೆದು, ಅತ್ಯಲ್ಪ ಕೂಲಿ ಕೊಡಲಾಗುತ್ತಿತ್ತು. ಬಿಚ್ಚಲು ಸಮಯವಿಲ್ಲದಷ್ಟು ಕಡಿಮೆ ಕೂಲಿ ಕೊಟ್ಟು, ದೋಷವಿಲ್ಲದ ಕೆಲಸವನ್ನೂ ಕೊಟ್ಟ ಮಾತಿನ ಪಾಲನೆಯನ್ನೂ ಬಯಸುವುದು ನ್ಯಾಯವಲ್ಲ.

ನಮ್ಮ ಮನೆಗಳಲ್ಲಿ ಸೀರೆಗೆ ಕುಚ್ಚು ಹಾಕಿಸುವಾಗ, ಬಸದಿಯ ಟ್ರಸ್ಟುಗಳು ಪರದೆ, ಚಂದ್ರೋಪಕ, ಶಾಲುಗಳನ್ನು ಮಾಡಿಸುವಾಗ ಎರಡು ವಿಷಯಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ದಾರ ಯಾವುದಿರಬೇಕೆಂದು ಸ್ಪಷ್ಟವಾಗಿ ಹೇಳಿ, ಸಾಧ್ಯವಾದರೆ ಪರೀಕ್ಷಿಸಿದ ದಾರವನ್ನು ತಾವೇ ಒದಗಿಸಬೇಕು. ತಪ್ಪಾದಾಗ ಬಿಚ್ಚಿ ಕಟ್ಟುವಷ್ಟು ಕಾಲವನ್ನೂ ಕೂಲಿಯನ್ನೂ ಲೆಕ್ಕದಲ್ಲಿ ಇಡಬೇಕು. ತಮ್ಮ ನಿಯಮದ ಭಾರವನ್ನು ಮತ್ತೊಬ್ಬರ ಕೈಗೆ ಒಪ್ಪಿಸುವವರು ಇಷ್ಟನ್ನಾದರೂ ಮಾಡುವುದು ಧರ್ಮ.