ಉಗುರಿಗೆ ಸಿಕ್ಕ ಗೀರು

ನಮ್ಮ ಮನೆಯಲ್ಲಿ ಗ್ಯಾಸ್ಕೆಟ್ ಅಂದರೆ ಕುಕ್ಕರಿನದು. ಸಡಿಲಾದರೆ ಅಮ್ಮ ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಮತ್ತೆ ಹಾಕುತ್ತಾಳೆ, ಬೇಳೆ ಬೇಯುತ್ತದೆ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟಿಗೆ ಇಂಥ ಉಪಾಯಗಳಿಲ್ಲ. ಕುಕ್ಕರಿನದು ತಡೆಯಬೇಕಾದ್ದು ಬರೀ ಹಬೆಯನ್ನು. ಇದು ಬೆಂಕಿ, ನೀರು, ಆಯಿಲ್ ಮೂರನ್ನೂ ಕೆಲವೇ ಮಿಲಿಮೀಟರ್ ದೂರದಲ್ಲಿ ಒಂದರ ಮುಖ ಇನ್ನೊಂದು ನೋಡದಂತೆ ಇಟ್ಟಿರಬೇಕು.

ಚಿಕ್ಕಪ್ಪನ ಓಮ್ನಿಯಲ್ಲಿ ನೀರು ಆಯಿಲ್ಲಿನ ಮುಖ ನೋಡಿಬಿಟ್ಟಿತ್ತು. ಗುಬ್ಬಿ ಕಡೆಯಿಂದ ಬೀನ್ಸು, ಟೊಮೆಟೊ, ಕೊತ್ತಂಬರಿ ತುಂಬಿಕೊಂಡು ನಸುಕಿಗೇ ಅಂತರಸನಹಳ್ಳಿ ಮಾರುಕಟ್ಟೆ ಮುಟ್ಟುವ ಗಾಡಿ ಅದು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ಲಿಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಬ್ಲಾಕ್ ಬೋರ್ ಮಾಡಿಸಿ, 0.50 ಓವರ್‌ಸೈಜ್ ಪಿಸ್ಟನ್ ತಂದು, ಹೆಡ್ಡಿಗೆ ಫೇಸಿಂಗ್ ಹೊಡೆಸಿದ್ದಾಯಿತು. ಅಷ್ಟು ದಿನವೂ ಬಾಡಿಗೆ ಆಟೊಗೆ ದುಡ್ಡು ಸುರಿದದ್ದು ಬೇರೆ. ಉಳಿದದ್ದು ಗ್ಯಾಸ್ಕೆಟ್. ಮೆಕ್ಯಾನಿಕಲ್ ಓದಿದವನೆಂದು ನನ್ನನ್ನು ಅಂಗಡಿಗೆ ಕರೆದೊಯ್ದರು.

ಅಂಗಡಿಯವನು ಎರಡು ತೆಗೆದಿಟ್ಟ. ಒಂದು ಕಪ್ಪು ಗ್ರಾಫೈಟಿನದು, ಸಿಲಿಂಡರ್ ತೂತುಗಳ ಸುತ್ತ ಲೋಹದ ಬಳೆ. ಇನ್ನೊಂದು ತೆಳು ಉಕ್ಕಿನ ಹಾಳೆಗಳನ್ನು ಪದರವಾಗಿ ಜೋಡಿಸಿದ್ದು. ಬೆಲೆ ಎರಡರಷ್ಟು.

"ಜಾಸ್ತಿ ರೇಟಿಂದೇ ತಗಳಪ್ಪ. ಅಗ್ಗದ್ದು ಹಾಕ್ಸಿ ಹಾಕ್ಸಿ ಸಾಕಾಗೈತೆ," ಅಂದರು ಚಿಕ್ಕಪ್ಪ. ಸೈಕಲ್ಲಿನಿಂದ ಹಿಡಿದು ಮೊಬೈಲಿನವರೆಗೆ ಎಲ್ಲವನ್ನೂ ಸೆಕೆಂಡ್ ಹ್ಯಾಂಡ್ ಕೊಂಡ ಮನುಷ್ಯ, ಒಂದು ಸಲ ಒಳ್ಳೆಯದನ್ನೇ ಕೊಳ್ಳುತ್ತೇನೆ ಎಂದು ನಿಂತಾಗ ಬೇಡ ಅನ್ನುವುದು ಸುಲಭವಲ್ಲ.

ಉಕ್ಕಿನ ಗ್ಯಾಸ್ಕೆಟ್ ನಿಜಕ್ಕೂ ಉತ್ತಮವೇ. ಓಮ್ನಿಯ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಾದಾಗಲೂ ಆರಿದಾಗಲೂ ನಡುವಿನ ಗ್ಯಾಸ್ಕೆಟ್ ಬೀಸುಕಲ್ಲಿನ ನಡುವಿನ ಕಾಳಿನಂತೆ ಉಜ್ಜಿಸಿಕೊಳ್ಳುತ್ತದೆ. ಉಕ್ಕು ಅದನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದರ ಮೇಲಿನ ರಬ್ಬರ್ ಲೇಪ ಬಹಳ ತೆಳು. ಎರಡೂ ಮುಖ ಕನ್ನಡಿಯಷ್ಟು ನುಣುಪಾಗಿದ್ದರೆ ಮಾತ್ರ ಅದು ಕೂರುತ್ತದೆ. ಗೀರುಗಳಿದ್ದರೆ ಅವನ್ನು ತುಂಬುವ ಮೆತ್ತನೆಯ ಗುಣ ಇರುವುದು ಗ್ರಾಫೈಟಿಗೆ.

ಗ್ಯಾರೇಜಿಗೆ ಬಂದು ಕೇಳಿದರೆ ಮೇಸ್ತ್ರಿ ಉಪನ್ಯಾಸ ಕೊಡಲಿಲ್ಲ. ಹೆಡ್ಡಿನ ಮೇಲೆ ಹೆಬ್ಬೆರಳ ಉಗುರು ಎಳೆದು, "ನೀವೇ ನೋಡಿ ಸಾರ್," ಅಂದರು. ಉಗುರು ತಡವರಿಸಿತು. ಕಟರಿನ ಗೀರುಗಳು. ಇನ್ನೊಮ್ಮೆ ನುಣ್ಣಗೆ ಹೊಡೆಸೋಣವೆಂದರೆ ಈ ಹೆಡ್ಡಿಗೆ ಇದು ಎರಡನೆಯ ಫೇಸಿಂಗ್. ಸಿಲಿಂಡರಿನ 265 ಸಿಸಿ ಗಾಳಿ ಮಿಶ್ರಣ ಕೊನೆಗೆ ಹಿಂಡಿಕೊಳ್ಳುವುದು ಸುಮಾರು 35 ಸಿಸಿ ಜಾಗಕ್ಕೆ. 0.3 ಮಿಲಿಮೀಟರ್ ತೆಗೆದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಸಿಸಿ ಹೋಗುತ್ತದೆ. ಕಂಪ್ರೆಷನ್ ಏರಿ, ತುಂಬಿದ ಗಾಡಿ ದಿಣ್ಣೆ ಹತ್ತುವಾಗ ಎಂಜಿನ್ ಕಟಕಟ ಎನ್ನಲು ಶುರುಮಾಡುತ್ತದೆ. ಪಕ್ಕದಲ್ಲಿದ್ದವರೊಬ್ಬರು ಎರಡು ಗ್ಯಾಸ್ಕೆಟ್ ಹಾಕಿಬಿಡಿ ಅಂದರು. ಮೇಸ್ತ್ರಿ ನಕ್ಕರು. ಸೋರುವುದಕ್ಕೆ ಇನ್ನೊಂದು ಸಂದಿ ಸೇರಿಸಿದಂತೆ.

ಹಾಗಾಗಿ ಗ್ರಾಫೈಟಿನದೇ. ಅದನ್ನೂ ಹಾಗೇ ಕೊಳ್ಳುವಂತಿರಲಿಲ್ಲ. ಮೂಲ ಬೋರ್ 68.5 ಮಿಲಿಮೀಟರ್, ಈಗ 69. ಗ್ಯಾಸ್ಕೆಟ್ಟಿನ ಬಳೆ ಕೂದಲೆಳೆಯಷ್ಟು ಒಳಗೆ ಇಣುಕಿದರೂ ಅದು ಕೆಂಪಗೆ ಕಾದು, ಸ್ಪಾರ್ಕಿಗಿಂತ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಅಂಗಡಿಯಿಂದ ತಂದು ಬರೀ ಬ್ಲಾಕಿನ ಮೇಲಿಟ್ಟು ಮೂರು ತೂತುಗಳ ಸುತ್ತಲೂ ಬೆರಳಾಡಿಸಿದೆವು. ಎಲ್ಲೂ ಇಣುಕಿರಲಿಲ್ಲ. ಚಿಕ್ಕಪ್ಪನೂ ಬೆರಳಾಡಿಸಿದರು, ಆದರೆ ಮುಖ ಸಡಿಲಾಗಲಿಲ್ಲ. "ಮತ್ತೆ ಅಗ್ಗದ್ದೇ ಆಯ್ತು," ಅಂದರು.

ಮೇಸ್ತ್ರಿ ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಕ್ಕೆ, ಸುತ್ತು ಸುತ್ತಾಗಿ ಟಾರ್ಕ್ ಕೊಟ್ಟರು. ಆಮೇಲೆ ರೇಡಿಯೇಟರಿನಿಂದ ಕೆರೆದ ಬಿಳಿ ಹೆಪ್ಪನ್ನು ಕಾಗದದ ಮೇಲಿಟ್ಟು ತೋರಿಸಿದರು. ವರ್ಷಗಟ್ಟಲೆ ತುಂಬಿದ್ದ ಬೋರ್‌ವೆಲ್ ನೀರಿನ ಸುಣ್ಣ. ದಾರಿ ಕಟ್ಟಿ, ಎಂಜಿನ್ ಕಾದು, ಹೆಡ್ ಬಾಗಿದ್ದು ಅದರಿಂದ.

ಚಿಕ್ಕಪ್ಪ ಜೇಬಿನಲ್ಲಿ ಉಳಿದಿದ್ದ ನೋಟುಗಳನ್ನು ಎಣಿಸಿ ನನ್ನ ಕೈಗಿಟ್ಟರು. "ಕೂಲೆಂಟು ತಗಂಬಾ. ಅದ್ರಲ್ಲಾದ್ರೂ ಜಾಸ್ತಿ ರೇಟಿಂದು ಐತಾ ಕೇಳು."