ಚಿಕ್ಕಮ್ಮನ ವಾಕಿಂಗು

ನಮ್ಮ ಕಡೆ ಖಿನ್ನತೆ ಅನ್ನೋ ಪದ ಪೇಪರಿನಲ್ಲಿ ಮಾತ್ರ ಸಿಗುತ್ತೆ. ಜನರ ಬಾಯಲ್ಲಿ ಅದು 'ಯಾಕೋ ಮೈಯೇ ಏಳ್ತಿಲ್ಲ', 'ಯಾವುದ್ರಲ್ಲೂ ಜೀವ ಇಲ್ಲ'. ಮಾಗಡಿ ತಾಲ್ಲೂಕಿನಲ್ಲಿ, ಅಂಗಳಕ್ಕೆ ಬಂದರೆ ಸಾವನದುರ್ಗದ ಬಂಡೆ ಕಾಣೋ ಊರಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಚಿಕ್ಕಪ್ಪ ತೀರಿಕೊಂಡ ವರ್ಷ ಅವಳಿಗೆ ಮೊದಲು ನಿದ್ದೆ ಹೋಯ್ತು, ಆಮೇಲೆ ಊಟ, ಆಮೇಲೆ ಮಾತು. "ಹುಳಕ್ಕೆ ಜ್ವರ ಬಂದಂಗಾಗೈತೆ ಕಣ್ ಮಗ. ಅದಾದ್ರೆ ಒಂದು ದಿನಕ್ಕೆ ಎದ್ದೇಳ್ತದೆ" ಅಂದಿದ್ದಳು ಒಮ್ಮೆ. ರೇಷ್ಮೆ ಹುಳ ಪೊರೆ ಬಿಡೋ ಮುಂಚೆ ಮೇವು ಮುಟ್ಟದೆ ಸುಮ್ಮನೆ ತಲೆಯೆತ್ತಿ ಕೂರುತ್ತಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಗೂಡು ಕಟ್ಟೋದರೊಳಗೆ ಅಂಥವು ನಾಲ್ಕು.

ಡಾಕ್ಟರು ಮಾತ್ರೆ ಬರೆದರು. "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ ಅಮ್ಮ" ಅಂದರು. ಬಸ್ಸಿನಲ್ಲಿ ಚಿಕ್ಕಮ್ಮ ನಕ್ಕುಬಿಟ್ಟಳು, ಎಷ್ಟೋ ತಿಂಗಳ ಮೇಲೆ. "ಮೂವತ್ತು ವರ್ಷದಿಂದ ಸೊಪ್ಪು ಹೊತ್ತಿವ್ನಿ, ಇನ್ನ ವಾಕಿಂಗ್ ಬೇರೆ ಮಾಡ್ಬೇಕಂತೆ!"

ಅವಳ ಮಾತು ತಲೆಯಲ್ಲೇ ಉಳೀತು. ಬೆಂಗಳೂರಿಗೆ ವಾಪಸ್ ಬಂದು, ಕೋಡ್ ಬಿಲ್ಡ್ ಆಗೋವಷ್ಟರಲ್ಲಿ ಒಂದಿಷ್ಟು ಓದಿದೆ (ಮ್ಯಾನೇಜರ್ ಕ್ಷಮಿಸಲಿ). ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಅಲುಗಿಸಿ ಅನ್ನುತ್ತೆ. 2017ರಲ್ಲಿ ಬಂದ ಒಂದು ಅಧ್ಯಯನ 46 ಬಡ, ಮಧ್ಯಮ ಆದಾಯದ ದೇಶಗಳ ಖಿನ್ನತೆಯಿರುವ 24,230 ಜನರನ್ನು ಇದೇ ಅಳತೆಗೋಲಿನಿಂದ ನೋಡಿತ್ತು. ಇಂಥ ಸಮೀಕ್ಷೆಗಳಲ್ಲಿ ಕೇಳೋ ಒಂದು ಪ್ರಶ್ನೆ ನೋಡಿ: ಕಳೆದ ಏಳು ದಿನದಲ್ಲಿ ಭಾರ ಎತ್ತೋದು, ಅಗೆಯೋದು, ಏರೋಬಿಕ್ಸ್, ಜೋರಾಗಿ ಸೈಕಲ್ ತುಳಿಯೋದು ಎಷ್ಟು ದಿನ ಮಾಡಿದ್ರಿ? ಅಗೆಯೋದೂ ಏರೋಬಿಕ್ಸೂ ಒಂದೇ ಸಾಲಿನಲ್ಲಿ! ಈ ಲೆಕ್ಕದಲ್ಲಿ ಚಿಕ್ಕಮ್ಮ ಫಸ್ಟ್ ಕ್ಲಾಸು. ಹಾಗಿದ್ದೂ ಅವಳಿಗೆ ಕಾಯಿಲೆ ಬಂತು. 'ಮೈ ಬಗ್ಗಿಸಿ ದುಡಿಯೋರಿಗೆ ಇಂಥದ್ದೆಲ್ಲ ಬರಲ್ಲ' ಅಂತ ಅರಳಿಕಟ್ಟೆ ಮೇಲೆ ಕೂತು ಹೇಳೋರ ಮಾತು ನಾನು ಒಪ್ಪಲ್ಲ. ಬಿಡುವಿನಲ್ಲಿ ಇಷ್ಟಪಟ್ಟು ನಡೆಯೋದು ಮನಸ್ಸಿಗೆ ಕೊಡೋದನ್ನ ಹೊರೆ ಹೊರೋದು ಅಷ್ಟಾಗಿ ಕೊಡಲ್ಲ ಅಂತ ಹೇಳೋ ಅಧ್ಯಯನಗಳೂ ಇವೆ.

ಇನ್ನೊಂದು ಕಡೆ, ನಮ್ಮ ಮನೆಯವರ ಪ್ರೀತಿ. 'ಪಾಪ, ರೆಸ್ಟ್ ಮಾಡ್ಲಿ' ಅಂತ ಹಸು ಮಾರಿದರು, ಹುಳ ಮನೆಗೆ ಬೀಗ ಹಾಕಿದರು. ಬೆಳಿಗ್ಗೆ ಏಳೋದಕ್ಕೆ ಅಂತ ಇದ್ದ ಕಾರಣಗಳೂ ಹೋದವು. ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದಳು. ವಾಕಿಂಗ್ ಹೋಗು ಅಂದರೆ, "ಗಂಡ ಸತ್ತೋಳು ಕೈ ಬೀಸ್ಕಂಡು ಸುಮ್ಕೆ ತಿರುಗಿದ್ರೆ ಊರೋರು ಏನಂತಾರೆ?" ಅದೂ ನಿಜವೇ. ನಮ್ಮೂರ ರಸ್ತೆಯಲ್ಲಿ ಹೆಂಗಸಿನ ತಲೆ ಮೇಲೆ ಸೊಪ್ಪಿರಬೇಕು, ಇಲ್ಲಾ ಕೈಯಲ್ಲಿ ಹಾಲಿನ ಕ್ಯಾನ್ ಇರಬೇಕು. ಬರಿಗೈಯಲ್ಲಿ ನಡೆದರೆ ಪ್ರಶ್ನೆ. ಅದೇ ಶನಿವಾರ, ಭಾನುವಾರ ಬೆಂಗಳೂರಿಂದ ಕಾರಲ್ಲಿ ಬಂದು ಸಾವನದುರ್ಗ ಹತ್ತೋರನ್ನ ಯಾರೂ ಏನೂ ಕೇಳಲ್ಲ.

ಗೋವಾದಲ್ಲಿ ಸಂಗತ್ ಅನ್ನೋ ಸಂಸ್ಥೆ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ಮಾಡಿತ್ತು. ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮಾತಾಡಿಸಿದ್ದು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. ಅವರು ಹಿಡಿದ ದಾರಿಯನ್ನ ನಮ್ಮ ಭಾಷೆಯಲ್ಲಿ ಹೇಳೋದಾದರೆ, ಮನಸ್ಸು ಸರಿಹೋದ ಮೇಲೆ ಏಳೋಣ ಅಂತ ಕಾಯಬೇಡಿ, ಹಿಂದೆ ಹಿತ ಅನ್ನಿಸ್ತಿದ್ದ ಒಂದು ಸಣ್ಣ ಕೆಲಸ ಹಿಡಿದು ಮೊದಲು ಏಳಿ. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇದೂ ಸೇರಿದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು.

ನಮ್ಮೂರ ಆಶಾ ಕಾರ್ಯಕರ್ತೆ ಇದ್ಯಾವುದನ್ನೂ ಓದಿದವಳಲ್ಲ. ಬಂದು ಪಕ್ಕದಲ್ಲಿ ಕೂತು, "ಅಕ್ಕ, ಮದ್ವೆಯಾಗಿ ಬಂದಾಗ ಎಲ್ಲಿಗೆ ಹೋಗಾಕೆ ಆಸೆ ಇತ್ತು ನಿಂಗೆ?" ಅಂತ ಕೇಳಿದಳಂತೆ. ತುಂಬಾ ಹೊತ್ತಾದ ಮೇಲೆ ಚಿಕ್ಕಮ್ಮ, "ಬೆಟ್ಟದ ಬುಡದ ವೀರಭದ್ರಸ್ವಾಮಿ ಗುಡಿಗೆ" ಅಂದಳು. ಗುಡಿಗೆ ಅಂದರೆ ಊರಲ್ಲಿ ಯಾರ ಬಾಯಿಯೂ ಏಳಲ್ಲ! ಸೋಮವಾರ ಮಾತ್ರ, ಪಕ್ಕದ ಮನೆಯಾಕೆ ಜೊತೆ ಅಂತ ಶುರುವಾಗಿದ್ದು ಈಗ ವಾರಕ್ಕೆ ನಾಲ್ಕು ದಿನ. ಮಾತ್ರೆ ನಿಲ್ಲಿಸಿಲ್ಲ, ಮಧ್ಯೆ ಎರಡು ಸಲ ಮತ್ತೆ ಹಾಸಿಗೆ ಹಿಡಿದಿದ್ದೂ ಇದೆ.

ಈ ಸಲ ಹುಳ ಮನೆ ಬೀಗ ಅವಳೇ ತೆಗೆಸಿದ್ದಾಳೆ. ಮೊದಲಿನ ಹಾಗೆ ನೂರು ಮೊಟ್ಟೆ ಅಲ್ಲ, ಐವತ್ತೇ. ಗೂಡು ಹಾಕೋಕೆ ರಾಮನಗರ ಮಾರ್ಕೆಟ್ಟಿಗೆ ತಾನೇ ಬರ್ತಾಳಂತೆ. ಮೊನ್ನೆ ಫೋನ್ ಮಾಡಿದ್ದಳು: "ನಾಲ್ಕನೇ ಜ್ವರ ಎದ್ದವೆ ಮಗ. ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು. ಈ ವಾರ ಗುಡಿ ಕಡೆ ಹೋಗಕ್ಕೇ ಆಗ್ನಿಲ್ಲ, ಅದೇ ಒಂದು ಬೇಜಾರು."